ಜೌಗು ಪ್ರದೇಶದ ಪುನಶ್ಚೇತನಕ್ಕೆ ಜನ ಕಟ್ಟುವ ಬೆಲೆ ಮತ್ತು ಅವರಿಗೆ ಮೊದಲೇ ತಿಳಿಸುವ ಸಂಗತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಮತ್ತು ನವಿ ಮುಂಬಯಿಗಳ ನಡುವೆ ಒಳಚಾಚಿದ ಸಮುದ್ರದ ಕವಲಾದ ಠಾಣೆ ಖಾಡಿಯ ಎರಡೂ ದಡಗಳಲ್ಲಿ, ಅಂದರೆ ಮುಲುಂಡ್, ಭಾಂಡುಪ್, ವಿಕ್ರೋಲಿಯಿಂದ ಹಿಡಿದು ಆಚೆಯ ಐರೋಲಿ, ವಾಶಿ, ನೆರೂಲ್‌ವರೆಗೆ, ಕನ್ನಡಿಗರ ಮನೆಗಳೂ ಹೋಟೆಲುಗಳೂ ಸಾಕಷ್ಟಿವೆ. ಖಾಡಿಯಂಚಿನ ಕೆರೆ ಮತ್ತು ಕಾಂಡ್ಲಾವನಗಳನ್ನು (ಮ್ಯಾಂಗ್ರೋವ್ ಕಾಡುಗಳನ್ನು) ಸರಿಪಡಿಸಲು ‘ನಿಮ್ಮ ಮನೆಯಿಂದ ವರ್ಷಕ್ಕೆ ಎಷ್ಟು ಕೊಡುವಿರಿ’ ಎಂದು ಕೇಳುವ ಪ್ರಶ್ನಾವಳಿ ಎಂದಾದರೂ ಕೈಗೆ ಬಂದರೆ ಉತ್ತರಿಸಬೇಕಾದವರು, ಅಂಥದ್ದನ್ನು ಸಿದ್ಧಪಡಿಸುವ ವಿದ್ಯಾರ್ಥಿಗಳು ಮತ್ತು ಅದರ ಫಲಿತಾಂಶವನ್ನು ಓದಿ ಅನುಮಾನಪಡುವವರು ಈ ಪುಟದ ಓದುಗರು.

ಕೆಸರಿಗೂ ಹಕ್ಕಿಗೂ ರೂಪಾಯಿಯಲ್ಲಿ ಬೆಲೆ ಕಟ್ಟುವುದು ಏಕೆ?

ಆ ಜಾಗದಲ್ಲಿ ಕಟ್ಟಡ ಕಟ್ಟಬಯಸುವ ಎದುರು ಪಕ್ಷದ ಬಳಿ ಅಂಕಿಗಳಿರುವುದರಿಂದ. ಮುಂಬಯಿಯಲ್ಲಿ ಒಂದು ಎಕರೆ ಜಾಗದ ದರವನ್ನು ಯಾವ ಎಸ್ಟೇಟ್ ಏಜೆಂಟನಾದರೂ ನಿಂತಲ್ಲಿಯೇ ಹೇಳುತ್ತಾನೆ. ಅದೇ ಎಕರೆ ಭರತದ (ಉಬ್ಬರದ) ನೀರನ್ನು ಹಿಡಿದಿಟ್ಟುಕೊಳ್ಳುವ, ಮೀನಿನ ಮರಿಗಳನ್ನು ಸಾಕುವ, ಹಕ್ಕಿಗಳಿಗೆ ಮೇವು ಕೊಡುವ ಕೆಲಸಕ್ಕೆ ದರಪಟ್ಟಿ ಇಲ್ಲ. ದರವಿಲ್ಲದ್ದು ಯೋಜನಾ ವರದಿಯಲ್ಲಿ ಸೊನ್ನೆಯಾಗಿಬಿಡುತ್ತದೆ. ಏಡಿ, ಸಿಗಡಿಗಳ ಬೆಲೆಯನ್ನು ಮಾರುಕಟ್ಟೆಯಿಂದ ತಿಳಿಯಬಹುದು. ಆದರೆ ಖಾಡಿಯ ಕಡೆಗೆ ಎಂದೂ ಹೋಗದ ವ್ಯಕ್ತಿಯೂ ‘ಅದು ಅಲ್ಲಿ ಉಳಿದಿರಲಿ’ ಎಂದು ಬಯಸುವುದರ ಮೌಲ್ಯವನ್ನು ತಿಳಿಯಲು ಅವನನ್ನೇ ಕೇಳಬೇಕಾಗುತ್ತದೆ. ಹೀಗೆ ನೇರವಾಗಿ ಕೇಳುವ ವಿಚಾರವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಸಿರಿಯಾಸಿ-ವಾಂಟ್ರಪ್ 1947ರಲ್ಲಿ ಮುಂದಿಟ್ಟರು. 1963ರಲ್ಲಿ ರಾಬರ್ಟ್ ಡೇವಿಸ್ ಮೇನ್ ರಾಜ್ಯದ ಕಾಡುಗಳ ಕುರಿತ ತಮ್ಮ ಸಂಶೋಧನೆಯಲ್ಲಿ ಅದನ್ನು ಮೊದಲ ಬಾರಿಗೆ ಕಾರ್ಯರೂಪಕ್ಕೆ ತಂದರು.

ಹಿನ್ನೆಲೆ ಮಾಹಿತಿ ಎಂದರೆ ನಿರ್ದಿಷ್ಟವಾಗಿ ಏನು?

ಹಣದ ಪ್ರಶ್ನೆ ಬರುವ ಮೊದಲು ಉತ್ತರಿಸುವವರಿಗೆ ಓದಿ ಹೇಳುವ, ತೋರಿಸುವ ಎಲ್ಲವೂ. ಆ ಜಾಗ ಈಗ ಹೇಗಿದೆ, ಏಕೆ ಹಾಗಾಯಿತು, ಯೋಜನೆಯಿಂದ ಏನು ಬದಲಾಗುತ್ತದೆ, ಬದಲಾಗುವುದು ಎಷ್ಟರಮಟ್ಟಿಗೆ ಖಚಿತ, ಅಂಥ ಬೇರೆ ಜಾಗಗಳು ಎಷ್ಟಿವೆ, ಹಣವನ್ನು ಯಾರು ಯಾವ ರೂಪದಲ್ಲಿ ವಸೂಲು ಮಾಡುತ್ತಾರೆ ಎಂಬ ವಿವರಗಳು ಇದರಲ್ಲಿ ಸೇರುತ್ತವೆ. ಫೋಟೊ ಮತ್ತು ನಕಾಶೆಗಳೂ ಮಾಹಿತಿಯೇ. ಸಂದರ್ಶಕರ ಉಡುಪು ಕೂಡ ಒಂದು ಬಗೆಯ ಮಾಹಿತಿ ಎಂಬುದನ್ನು ಇಂಗ್ಲೆಂಡಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಬೇಟ್‌ಮನ್ ಮತ್ತು ಮಾಬಿ ಅವರ ಅಧ್ಯಯನ ತೋರಿಸಿತು: ಔಪಚಾರಿಕ ಉಡುಪಿನಲ್ಲಿ ಬಂದವರಿಗೆ ಜನ ಹೆಚ್ಚಿನ ಮೊತ್ತವನ್ನು ಹೇಳಿದರು.

ಮಾಹಿತಿ ಕೊಟ್ಟ ಮೇಲೆ ಉತ್ತರ ಬದಲಾದರೆ ಅದು ಜನರ ಮನಸ್ಸನ್ನು ತಿರುಗಿಸಿದಂತೆ ಅಲ್ಲವೇ?

ಅತಿ ಹೆಚ್ಚು ಕೇಳಿಬರುವ ಆಕ್ಷೇಪ ಇದೇ. ಇದರ ಹಿಂದೆ, ಜನರ ಮನಸ್ಸಿನಲ್ಲಿ ಪ್ರತಿಯೊಂದು ಕೆರೆಗೂ ಒಂದು ಶುದ್ಧವಾದ ಬೆಲೆ ಮೊದಲೇ ಅಡಗಿದೆ, ಸಮೀಕ್ಷೆ ಅದನ್ನು ಮುಟ್ಟದೆ ಹೊರತೆಗೆಯಬೇಕು ಎಂಬ ಕಲ್ಪನೆಯಿದೆ. ಹಾಗೇನೂ ಇರುವುದಿಲ್ಲ. ಕಿವಿರು ಎತ್ತಿ ನೋಡಿದ ಮೇಲೆ ನಾವು ಬಂಗುಡೆಗೆ ಹೇಳುವ ದರ ಬದಲಾದರೆ ಮೀನು ಮಾರುವವಳು ನಮ್ಮ ಮನಸ್ಸು ಕೆಡಿಸಿದಳು ಎಂದು ಯಾರೂ ದೂರುವುದಿಲ್ಲ. ಕಾಣದೆ ಹೇಳಿದ ದರ ಬೇರೊಂದು ಮೀನಿನದು, ಅಷ್ಟೆ. ಜೌಗು ಪ್ರದೇಶದ ವಿಷಯದಲ್ಲಿಯೂ ಜನ ಬೆಲೆ ಕಟ್ಟುವುದು ತಮಗೆ ವಿವರಿಸಲಾದ ವಸ್ತುವಿಗೆ. ವಿವರಣೆ ಬದಲಾದರೆ ವಸ್ತು ಬದಲಾಗುತ್ತದೆ, ಅದರೊಂದಿಗೆ ಮೊತ್ತವೂ ಬದಲಾಗಬೇಕು. ಬದಲಾಗದಿದ್ದರೆ ಉತ್ತರಿಸಿದವರು ಓದಲೇ ಇಲ್ಲ ಎಂದು ಶಂಕಿಸಬೇಕಾಗುತ್ತದೆ.

ಹಾಗೆಂದು ಎಲ್ಲ ಬದಲಾವಣೆಯೂ ಒಳ್ಳೆಯದೆಂದಲ್ಲ. ಯೋಜನೆಯಿಂದ ಆಗುವ ವ್ಯತ್ಯಾಸ ಅಷ್ಟೇ ಇದ್ದು, ಹೇಳುವ ಧಾಟಿ ಮಾತ್ರ ಬದಲಾದಾಗ ಮೊತ್ತ ಏರಿಳಿದರೆ ಅದು ದೋಷ. ವ್ಯತ್ಯಾಸವೇ ಬೇರೆಯೆಂದು ತಿಳಿದು ಮೊತ್ತ ಬದಲಾದರೆ ಅದು ತಿಳಿವಳಿಕೆ. ಈ ಎರಡನ್ನು ಬೇರ್ಪಡಿಸುವುದೇ ಈ ಕ್ಷೇತ್ರದ ಕಷ್ಟದ ಕೆಲಸ. ಒಂದು ಸಮೀಕ್ಷೆಯ ಮೊತ್ತಕ್ಕೆ, ಅದಕ್ಕೆ ಮೊದಲು ಓದಿ ಹೇಳಿದ ಪುಟವನ್ನು ಬಿಟ್ಟು ಸ್ವತಂತ್ರವಾದ ಅರ್ಥವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಉದಾಹರಣೆ ಕೊಡಬಹುದೇ?

ನವಿ ಮುಂಬಯಿಯ ಖಾಡಿಯಂಚಿನಲ್ಲಿ ಭರತದ ನೀರನ್ನು ನಂಬಿಕೊಂಡಿರುವ ಒಂದು ಕೆರೆ ಇದೆ ಎಂದು ಕಲ್ಪಿಸಿಕೊಳ್ಳಿ. ಅದರ ಬಗ್ಗೆ ಎರಡು ಬಗೆಯ ಪುಟಗಳನ್ನು ಬರೆಯಬಹುದು.

ಮೊದಲನೆಯದು: ‘ಈ ಕೆರೆ ಅಳಿವಿನ ಅಂಚಿನಲ್ಲಿದೆ. ಸಾವಿರಾರು ಮೈಲಿ ಹಾರಿ ಬರುವ ಗುಲಾಬಿ ಹಕ್ಕಿಗಳು ತಮ್ಮ ಕೊನೆಯ ನೆಲೆಯನ್ನು ಕಳೆದುಕೊಳ್ಳುತ್ತಿವೆ. 2005ರ ಜುಲೈ 26ರಂದು ಮುಂಬಯಿ ಮುಳುಗಿದ್ದನ್ನು ನಾವು ಮರೆತಿಲ್ಲ. ಈ ಕೆರೆಯನ್ನು ಉಳಿಸಲು ನೀವು ಎಷ್ಟು ಕೊಡುವಿರಿ?’

ಎರಡನೆಯದು: ‘ಕೆರೆಯ ವಿಸ್ತಾರ ಸುಮಾರು 30 ಎಕರೆ. ಭರತದ ನೀರು ಒಳಬರುತ್ತಿದ್ದ ಕಾಲುವೆ ಮಣ್ಣು ತುಂಬಿ ಮುಚ್ಚಿದೆ. ನಿಂತ ನೀರಿನ ಮೇಲೆ ಪಾಚಿ ಹರಡಿದೆ. ಯೋಜನೆಯಂತೆ ಕಾಲುವೆಯನ್ನು ತೆರೆದು ಐದು ವರ್ಷ ಹೂಳು ತೆಗೆಯಲಾಗುವುದು. ನೀರಿನ ಓಡಾಟ ಮರಳುವುದು ಬಹುಮಟ್ಟಿಗೆ ಖಚಿತ. ಹಕ್ಕಿಗಳು ಮೊದಲಿನಷ್ಟೇ ಸಂಖ್ಯೆಯಲ್ಲಿ ಮರಳುವುದು ಖಚಿತವಿಲ್ಲ. ಈ ಹಕ್ಕಿಗಳು ಠಾಣೆ ಖಾಡಿಯ ಇತರ ಕೆಸರು ಬಯಲುಗಳನ್ನೂ ಬಳಸುತ್ತವೆ. ವೆಚ್ಚವನ್ನು ನಗರದ ಎಲ್ಲ ಮನೆಗಳಿಂದ ಐದು ವರ್ಷ ನೀರಿನ ಬಿಲ್ಲಿನ ಜೊತೆ ವಸೂಲು ಮಾಡಲಾಗುವುದು. ಆ ಹಣ ನಿಮ್ಮ ಬೇರೆ ಖರ್ಚುಗಳಿಗೆ ಸಿಗುವುದಿಲ್ಲ ಎಂಬುದನ್ನು ನೆನಪಿನಲ್ಲಿಡಿ. ವರ್ಷಕ್ಕೆ 300 ರೂಪಾಯಿ ಆಗುವುದಾದರೆ ನಿಮ್ಮ ಮತ ಪರವೋ ವಿರುದ್ಧವೋ?’

ಮೊದಲ ಪುಟದ ಪ್ರತಿಯೊಂದು ವಾಕ್ಯದಲ್ಲೂ ಒಂದು ಕೊಕ್ಕೆ ಇದೆ. ಮುಂಬಯಿಗೆ ಬರುವ ಈ ಗುಲಾಬಿ ಹಕ್ಕಿಗಳು, ಅಂದರೆ ಫ್ಲೆಮಿಂಗೊಗಳು, ಸೈಬೀರಿಯಾದಿಂದ ಬರುತ್ತವೆ ಎಂದು ಇಲ್ಲಿ ಬಹಳ ಜನ ನಂಬಿದ್ದಾರೆ. ಆದರೆ ನಮ್ಮಲ್ಲಿ ಇವು ಮರಿಮಾಡುವ ಮುಖ್ಯ ತಾಣ ಗುಜರಾತಿನ ಕಚ್ಛ್ ರಣ. ‘ಕೊನೆಯ ನೆಲೆ’ ಎಂಬುದು ಸುಳ್ಳು. 2005ರ ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು ನಿಜ, ಮಿಠಿ ನದಿಯ ಪಾತ್ರ ಮತ್ತು ಅದರ ದಡದ ಕಾಂಡ್ಲಾ ಒತ್ತುವರಿಯಾಗಿದ್ದರಿಂದ ಹಾನಿ ಹೆಚ್ಚಿತು ಎಂಬುದಕ್ಕೂ ಆಧಾರವಿದೆ. ಆದರೆ ಖಾಡಿಯಾಚೆಯ 30 ಎಕರೆ ಕೆರೆಯನ್ನು ಸರಿಪಡಿಸಿದರೆ ಕುರ್ಲಾದಲ್ಲಿ ನೀರು ನಿಲ್ಲುವುದಿಲ್ಲ ಎಂಬ ಭಾವನೆ ಹುಟ್ಟಿಸುವುದು ನಿಜವಾದ ಸಂಗತಿಯನ್ನು ಬಳಸಿಕೊಂಡು ದಾರಿ ತಪ್ಪಿಸಿದಂತೆ. ಆ ದಿನ ಎದೆಮಟ್ಟದ ನೀರಿನಲ್ಲಿ ಮನೆ ಸೇರಿದವರು ಆ ವಾಕ್ಯವನ್ನು ಓದಿದ ಮೇಲೆ ಹೇಳುವ ಮೊತ್ತ ಕೆರೆಯದಲ್ಲ, ಆ ನೆನಪಿನದು.

ಇದಕ್ಕೆ ಸಂಶೋಧನೆಯ ಆಧಾರವೇನು?

ಸಾಮಾನ್ಯ ವಿಧಾನ ಸರಳವಾಗಿದೆ. ಉತ್ತರಿಸುವವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಹಣದ ಪ್ರಶ್ನೆಯನ್ನು ಒಂದೇ ರೀತಿ ಇಟ್ಟು, ಹಿನ್ನೆಲೆ ಪುಟವನ್ನು ಮಾತ್ರ ಬದಲಿಸಿ ಹೋಲಿಸುತ್ತಾರೆ. 1986ರಲ್ಲಿ ಸ್ಯಾಂಪಲ್ಸ್, ಡಿಕ್ಸನ್ ಮತ್ತು ಗೋವೆನ್ ಅವರು ಅಳಿವಿನಂಚಿನ ಪ್ರಾಣಿಗಳ ಬಗ್ಗೆ ಹೀಗೆ ಮಾಡಿದಾಗ, ಪ್ರಾಣಿಯ ಸ್ಥಿತಿಗತಿಯ ವಿವರ ತಿಳಿದಂತೆ ಜನ ತಮ್ಮ ಹಣವನ್ನು ಹಂಚುವ ರೀತಿ ಬದಲಾಯಿತು. 1990ರಲ್ಲಿ ಬರ್ಗ್‌ಸ್ಟ್ರಾಮ್, ಸ್ಟೋಲ್ ಮತ್ತು ರ್‍ಯಾಂಡಲ್ ಅವರು ಜೌಗು ಪ್ರದೇಶವನ್ನೇ ತೆಗೆದುಕೊಂಡು, ಅದು ಒದಗಿಸುವ ಸೇವೆಗಳ ಬಗ್ಗೆ ಹೇಳಿದಾಗ ಜನ ಕೊಡಲು ಒಪ್ಪುವ ಮೊತ್ತದ ಮೇಲೆ ಪರಿಣಾಮವಾಗುತ್ತದೆ ಎಂದು ತೋರಿಸಿದರು. ಮರುವರ್ಷ ವೈಟ್‌ಹೆಡ್ ಮತ್ತು ಬ್ಲೋಮ್‌ಕ್ವಿಸ್ಟ್ ಅವರು ಅಮೆರಿಕದ ಕೆಂಟಕಿ ರಾಜ್ಯದ, ಕಲ್ಲಿದ್ದಲು ಗಣಿಗಾರಿಕೆಯ ಬೆದರಿಕೆಯಿದ್ದ ಜೌಗು ಪ್ರದೇಶವೊಂದರ ಸಂದರ್ಭದಲ್ಲಿ, ಸಂಬಂಧಪಟ್ಟ ಇತರ ಪರಿಸರ ತಾಣಗಳ ಪ್ರಸ್ತಾಪವೂ ಉತ್ತರವನ್ನು ಬದಲಿಸುತ್ತದೆ ಎಂದು ಕಂಡುಕೊಂಡರು.

ಎರಡು ಸಾವಿರ ಹಕ್ಕಿಗೂ ಎರಡು ಲಕ್ಷ ಹಕ್ಕಿಗೂ ಜನ ಒಂದೇ ಮೊತ್ತ ಹೇಳಿದರಂತೆ. ಹಾಗಿದ್ದರೆ ಇಡೀ ವಿಧಾನವೇ ಪೊಳ್ಳಲ್ಲವೇ?

ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಈ ವಿಧಾನದ ವಿರೋಧಿಗಳು ಅತಿ ಹೆಚ್ಚು ಬಳಸುವ ಉದಾಹರಣೆ ಇದು. 1990ರ ದಶಕದ ಆರಂಭದಲ್ಲಿ ಡೆವೌಜಸ್ ಮತ್ತು ಸಂಗಡಿಗರು, ತೆರೆದ ಎಣ್ಣೆ ಹೊಂಡಗಳಲ್ಲಿ ಬಿದ್ದು ಸಾಯುವ ವಲಸೆ ಹಕ್ಕಿಗಳನ್ನು ಹೊಂಡಕ್ಕೆ ಬಲೆ ಮುಚ್ಚಿ ಉಳಿಸುವುದಾದರೆ ಎಷ್ಟು ಕೊಡುವಿರಿ ಎಂದು ಮೂರು ಗುಂಪುಗಳನ್ನು ಕೇಳಿದರು. ಒಂದು ಗುಂಪಿಗೆ 2,000 ಹಕ್ಕಿ, ಇನ್ನೊಂದಕ್ಕೆ 20,000, ಮೂರನೆಯದಕ್ಕೆ 2,00,000. ಉತ್ತರದ ಸರಾಸರಿ ಕ್ರಮವಾಗಿ 80, 78 ಮತ್ತು 88 ಡಾಲರ್. ಜನ ಹಕ್ಕಿಗಳಿಗೆ ಬೆಲೆ ಕಟ್ಟುತ್ತಿಲ್ಲ, ಒಳ್ಳೆಯ ಕೆಲಸ ಮಾಡಿದೆವೆಂಬ ಸಮಾಧಾನವನ್ನು ಕೊಳ್ಳುತ್ತಿದ್ದಾರೆ ಎಂಬ ವಾದಕ್ಕೆ ಇದು ದೊಡ್ಡ ಬಲ ಕೊಟ್ಟಿತು. 1992ರಲ್ಲಿ ಕಾಹ್ನೆಮನ್ ಮತ್ತು ನೆಟ್ಶ್ ಇದೇ ಅರ್ಥದ ಮಾತನ್ನು ಹೇಳಿದ್ದರು.

ಆದರೆ ಆ ಪ್ರಶ್ನಾವಳಿಯ ಹಿನ್ನೆಲೆ ಮಾಹಿತಿಯನ್ನು ಬಿಡಿಸಿ ನೋಡಿದವರಿಗೆ ಇನ್ನೊಂದು ಸಂಗತಿ ಕಂಡಿತು. ಸಂಖ್ಯೆಯ ಜೊತೆಗೆ, ಆ ಹಕ್ಕಿಗಳು ಒಟ್ಟು ಸಂತತಿಯ ಎಷ್ಟು ಪಾಲು ಎಂದೂ ಹೇಳಲಾಗಿತ್ತು: ಮೊದಲ ಗುಂಪಿಗೆ ಶೇಕಡಾ 1ಕ್ಕಿಂತ ಬಹಳ ಕಡಿಮೆ, ಎರಡನೆಯದಕ್ಕೆ ಶೇಕಡಾ 1ಕ್ಕಿಂತ ಕಡಿಮೆ, ಮೂರನೆಯದಕ್ಕೆ ಸುಮಾರು ಶೇಕಡಾ 2. ಓದಿದವರ ಮನಸ್ಸಿನಲ್ಲಿ ನಿಂತದ್ದು ಈ ಪಾಲು ಎಂದಾದರೆ ಮೂರೂ ಗುಂಪಿಗೆ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು, ಅಂದರೆ ‘ಇದು ಅಲ್ಪ ಭಾಗ’ ಎಂಬುದು. ಆಗ ಉತ್ತರಗಳೂ ಸಮೀಪವಾಗಿರುವುದರಲ್ಲಿ ಆಶ್ಚರ್ಯವೇನಿದೆ? ವಿರೋಧಿಗಳ ಆತಂಕ ಪೂರ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ದೊಡ್ಡ ಸಂಖ್ಯೆಗಳು ಯಾರ ತಲೆಯಲ್ಲೂ ಸರಿಯಾಗಿ ಕೂರುವುದಿಲ್ಲ. ಆದರೆ ಈ ಒಂದು ಅಧ್ಯಯನದಿಂದ ವಿಧಾನವನ್ನೇ ಹೂಳಲು ಹೊರಟವರು ಪ್ರಶ್ನಾವಳಿಯ ಒಂದು ಸಾಲನ್ನು ಹಾರಿಸಿ ಓದುತ್ತಿದ್ದಾರೆ.

ನ್ಯಾಯಾಲಯದಲ್ಲಿ ನಿಲ್ಲುವಂಥ ಸಮೀಕ್ಷೆ ಎಂದಾದರೂ ನಡೆದಿದೆಯೇ?

1989ರ ಮಾರ್ಚ್ 24ರಂದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಎಣ್ಣೆ ಹಡಗು ಬಂಡೆಗೆ ತಾಗಿ ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾ ಎಣ್ಣೆ ಸಮುದ್ರ ಸೇರಿತು. ಅದರ ಮೊಕದ್ದಮೆಗಾಗಿ ಅಲಾಸ್ಕಾ ಸರ್ಕಾರದ ಪರವಾಗಿ ರಿಚರ್ಡ್ ಕಾರ್ಸನ್ ಮತ್ತು ಸಂಗಡಿಗರು ಅಮೆರಿಕದ ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮುಖಾಮುಖಿ ಸಂದರ್ಶನ ನಡೆಸಿದರು. ಕೇಳಿದ್ದು, ಇನ್ನೊಂದು ಸೋರಿಕೆ ಆಗದಂತೆ ಎಣ್ಣೆ ಹಡಗುಗಳ ಜೊತೆ ಬೆಂಗಾವಲು ಹಡಗು ಕಳಿಸುವ ಯೋಜನೆಗೆ ಒಂದು ಬಾರಿಯ ತೆರಿಗೆ ಕೊಡುವಿರಾ ಎಂದು. ಮನೆಯೊಂದಕ್ಕೆ ಮಧ್ಯಮಾಂಕ (ಅರ್ಧ ಮನೆಗಳು ಇದಕ್ಕಿಂತ ಹೆಚ್ಚು, ಅರ್ಧ ಕಡಿಮೆ ಕೊಡಲು ಒಪ್ಪುವ ಮೊತ್ತ) ಸುಮಾರು 31 ಡಾಲರ್, ದೇಶಕ್ಕೆಲ್ಲ ಒಟ್ಟು ಸುಮಾರು 280 ಕೋಟಿ ಡಾಲರ್ ಎಂಬುದು 1992ರ ಅವರ ವರದಿಯ ಲೆಕ್ಕ. ಇಲ್ಲಿ ಗಮನಿಸಬೇಕಾದ್ದು ಹಿನ್ನೆಲೆ ಮಾಹಿತಿಯ ಎಚ್ಚರ: ನಕಾಶೆ, ಫೋಟೊಗಳ ಜೊತೆಗೆ, ಆ ಪ್ರದೇಶ ಕೆಲವೇ ವರ್ಷಗಳಲ್ಲಿ ತಾನಾಗಿ ಚೇತರಿಸಿಕೊಳ್ಳುವ ನಿರೀಕ್ಷೆ ಇದೆ ಎಂಬುದನ್ನೂ ತಿಳಿಸಲಾಗಿತ್ತು. ಮೊತ್ತವನ್ನು ತಗ್ಗಿಸಬಹುದಾದ ಮಾಹಿತಿಯನ್ನೂ ಮುಚ್ಚಿಡಲಿಲ್ಲ ಎಂಬುದೇ ಆ ಅಧ್ಯಯನಕ್ಕೆ ತೂಕ ತಂದಿತು.

ಈ ವಿವಾದದ ಬೆನ್ನಿಗೇ ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತವು, ಇಬ್ಬರೂ ನೊಬೆಲ್ ಪುರಸ್ಕೃತರಾದ ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೋಲೋ ಅವರ ಮುಂದಾಳತ್ವದಲ್ಲಿ ಸಮಿತಿಯನ್ನು ನೇಮಿಸಿತು. 1993ರ ಅದರ ವರದಿ, ಯೋಜನೆಯನ್ನು ನಿಖರವಾಗಿ ವಿವರಿಸಬೇಕು, ಪರ್ಯಾಯ ತಾಣಗಳನ್ನೂ ಉತ್ತರಿಸುವವರ ಸ್ವಂತ ಖರ್ಚುಗಳನ್ನೂ ನೆನಪಿಸಬೇಕು, ಮೊತ್ತವನ್ನು ಕೇಳುವ ಬದಲು ಮತದಾನದ ರೂಪದಲ್ಲಿ ಹೌದು-ಇಲ್ಲ ಎಂದು ಕೇಳಬೇಕು, ಫೋಟೊಗಳ ಪ್ರಭಾವವನ್ನು ಮೊದಲೇ ಪರೀಕ್ಷಿಸಬೇಕು ಎಂದು ಸೂಚಿಸಿತು. ಮೇಲೆ ನಾನು ಬರೆದ ಎರಡನೆಯ ಪುಟದ ಹಂದರ ಬಂದದ್ದು ಇಲ್ಲಿಂದಲೇ.

ಫೋಟೊ ತೋರಿಸುವುದರಲ್ಲಿ ತಪ್ಪೇನು?

ತಪ್ಪಿಲ್ಲ, ಯಾವ ತಿಂಗಳಿನ, ಯಾವ ಹೊತ್ತಿನ ಫೋಟೊ ಎಂದು ಬರೆಯದಿರುವುದು ತಪ್ಪು. ಸೆವ್ರಿಯಲ್ಲಾಗಲಿ ನೆರೂಲ್‌ನಲ್ಲಾಗಲಿ ಫೆಬ್ರವರಿಯ ಇಳಿತದ ಹೊತ್ತಿಗೆ ತೆಗೆದ ಚಿತ್ರದಲ್ಲಿ ಕೆಸರಿನ ಉದ್ದಕ್ಕೂ ಹಕ್ಕಿಗಳು ತಲೆ ತಗ್ಗಿಸಿ, ಕೊಕ್ಕನ್ನು ತಿರುಗಿಸಿ ಹಿಡಿದು ಪಾಚಿ ಸೋಸುತ್ತಿರುವುದು ಕಾಣುತ್ತದೆ. ಅದೇ ಜಾಗದ ಆಗಸ್ಟ್ ಭರತದ ಚಿತ್ರದಲ್ಲಿ ಕಾಣುವುದು ಕಂದು ನೀರು, ಅದರ ಮೇಲೆ ತೇಲುವ ಥರ್ಮೋಕೋಲ್ ಮತ್ತು ಚಪ್ಪಲಿ. ‘ಯೋಜನೆಯ ನಂತರ’ ಎಂಬ ಶೀರ್ಷಿಕೆಯಡಿ ಮೊದಲನೆಯದನ್ನೂ ‘ಈಗ’ ಎಂಬ ಶೀರ್ಷಿಕೆಯಡಿ ಎರಡನೆಯದನ್ನೂ ಹಾಕಿದರೆ ಪುನಶ್ಚೇತನದ ಲೆಕ್ಕಕ್ಕೆ ಋತುಮಾನದ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಸಾಲು ನೆಟ್ಟ ಕಾಂಡ್ಲಾ ಸಸಿಗಳ ಹಸಿರು ಚಿತ್ರವೂ ಹೀಗೆಯೇ ಮೋಸ ಮಾಡಬಲ್ಲದು. ತೆರೆದ ಕೆಸರು ಬಯಲಿನಲ್ಲಿ ಮೇಯುವ ಹಕ್ಕಿಗೆ ಅಲ್ಲಿ ಸಸಿ ನೆಟ್ಟರೆ ಮೇವಿನ ಜಾಗವೇ ಹೋಗುತ್ತದೆ; ಎಷ್ಟೋ ಕಡೆ ನಿಜವಾದ ಪುನಶ್ಚೇತನವೆಂದರೆ ಭರತದ ನೀರಿಗೆ ದಾರಿ ಬಿಡಿಸಿಕೊಟ್ಟು ಸುಮ್ಮನಿರುವುದು, ಮತ್ತು ಅದು ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ.

ಸೊಳ್ಳೆ, ವಾಸನೆಯಂಥ ಕೆಟ್ಟ ಸಂಗತಿಗಳನ್ನೂ ಹೇಳಬೇಕೇ? ಜನ ಹಿಂಜರಿಯುವುದಿಲ್ಲವೇ?

ಹೇಳಬೇಕು. ಖಾಡಿಯ ಪಕ್ಕದ ಸೊಸೈಟಿಯ ಸಭೆಯಲ್ಲಿ ಕೆರೆಯ ಮಾತು ಬಂದರೆ ಮೊದಲು ಏಳುವ ದನಿಯೇ ‘ನೀರು ನಿಂತರೆ ಡೆಂಗಿ ಬರುವುದಿಲ್ಲವೇ, ಮೊದಲು ಫಾಗಿಂಗ್ ಮಾಡಿಸಿ’ ಎಂಬುದು. ಪುಟದಲ್ಲಿ ಇದರ ಸುದ್ದಿಯೇ ಇಲ್ಲದಿದ್ದರೆ ಉತ್ತರಿಸುವವರು ತಮ್ಮದೇ ಊಹೆಯನ್ನು ತುಂಬಿಕೊಳ್ಳುತ್ತಾರೆ, ಮತ್ತು ಊಹೆ ಬಹುಪಾಲು ವಾಸ್ತವಕ್ಕಿಂತ ಕೆಟ್ಟದಾಗಿರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆಯಿಡುವುದು ಹೂಕುಂಡದ ತಟ್ಟೆ, ಟಾರ್ಪಾಲಿನ ಮಡಿಕೆ, ತೆರೆದ ಟಾಂಕಿಗಳಂಥ ಮನೆಯ ಆಸುಪಾಸಿನ ಸ್ವಚ್ಛ ನೀರಿನಲ್ಲಿ. ದಿನಕ್ಕೆರಡು ಬಾರಿ ಭರತ-ಇಳಿತವಾಗುವ ಉಪ್ಪು ನೀರು ಅದಕ್ಕೆ ಒಗ್ಗುವ ಜಾಗವಲ್ಲ ಎಂದು ಸ್ಪಷ್ಟವಾಗಿ ಬರೆಯಬಹುದು. ಕೆಸರಿನ ವಾಸನೆ ಮಾತ್ರ ಇದ್ದೇ ಇರುತ್ತದೆ. ಅದನ್ನು ಒಪ್ಪಿಕೊಳ್ಳುವುದು ಮೇಲು.

2024ರ ಮೇ ತಿಂಗಳಲ್ಲಿ ಘಾಟ್‌ಕೋಪರ್ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಫ್ಲೆಮಿಂಗೊಗಳ ಹಿಂಡು ಬಡಿದು ಮೂವತ್ತಕ್ಕೂ ಹೆಚ್ಚು ಹಕ್ಕಿಗಳು ಸತ್ತ ಮೇಲೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಹಕ್ಕಿ ಹೆಚ್ಚಾದರೆ ವಿಮಾನಕ್ಕೆ ಅಪಾಯ ಎಂದು ಒಬ್ಬರು, ಹಕ್ಕಿಗಳ ಗೊತ್ತಾದ ತಂಗುದಾಣ ಕೆಟ್ಟರೆ ಅವು ಚದುರಿ ಇನ್ನಷ್ಟು ಅಪಾಯ ಎಂದು ಇನ್ನೊಬ್ಬರು ವಾದಿಸುತ್ತಾರೆ. ಹೀಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿರುವ ಸಂಗತಿಯನ್ನು ಒಂದು ಪಕ್ಷದ ಮಾತಾಗಿ ಬರೆಯದೆ ಎರಡನ್ನೂ ಹೇಳಿಬಿಡುವುದೇ ಸರಿ.

ಬೇರೆ ಜೌಗು ಪ್ರದೇಶಗಳ ಪ್ರಸ್ತಾಪ ಏಕೆ ಬೇಕು?

ಒಂದೇ ಕೆರೆಯ ಬಗ್ಗೆ ಕೇಳಿದಾಗ ಅದೇ ಜಗತ್ತಿನ ಏಕೈಕ ಕೆರೆಯಂತೆ ಕಾಣುವುದು ಸಹಜ. ಠಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯವನ್ನು 2015ರಲ್ಲಿ ಘೋಷಿಸಲಾಯಿತು, 2022ರಲ್ಲಿ ಅದು ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮಹಾರಾಷ್ಟ್ರದ ನಾಂದೂರ್ ಮಧಮೇಶ್ವರ ಮತ್ತು ಲೋಣಾರ್ ಅದಕ್ಕೂ ಮೊದಲೇ, 2020ರಲ್ಲಿ, ಆ ಪಟ್ಟಿಯಲ್ಲಿದ್ದವು. ಇದನ್ನು ತಿಳಿದವರಲ್ಲಿ ಕೆಲವರು ‘ಹಾಗಿದ್ದರೆ ಈ ಚಿಕ್ಕ ಕೆರೆ ಇಲ್ಲದಿದ್ದರೂ ನಡೆದೀತು’ ಎಂದು ಮೊತ್ತ ಇಳಿಸುತ್ತಾರೆ. ಇನ್ನು ಕೆಲವರು, ಭರತದ ಹೊತ್ತಿಗೆ ಖಾಡಿಯ ಕೆಸರು ಮುಳುಗಿದಾಗ ಹಕ್ಕಿಗಳು ಬಂದು ತಂಗುವುದು ಇಂಥ ಅಂಚಿನ ಕೆರೆಗಳಲ್ಲಿಯೇ, ಇವಿಲ್ಲದೆ ಅಭಯಾರಣ್ಯವೂ ಅರ್ಧ ಎಂದು ಅರಿತು ಏರಿಸುತ್ತಾರೆ. ಎರಡೂ ತಿಳಿದು ಕೊಟ್ಟ ಉತ್ತರಗಳೇ.

ಮೊದಲೇ ಚೆನ್ನಾಗಿ ತಿಳಿದವರ ಮೇಲೂ ಮಾಹಿತಿ ಕೆಲಸ ಮಾಡುತ್ತದೆಯೇ?

ಬೇರೆ ರೀತಿಯಲ್ಲಿ ಮಾಡುತ್ತದೆ. ಕುಮಟಾ, ಅಂಕೋಲಾ ಕಡೆಯಿಂದ ಮುಂಬಯಿಗೆ ಬಂದವರಿಗೆ ಉಪ್ಪುನೀರಿನಂಚಿನ ಗಜನಿ ಗದ್ದೆಯೆಂದರೇನು, ಜಂತ್ರದ (ತೂಬಿನ) ಬಾಗಿಲು ತೆರೆದು ಮುಚ್ಚಿ ಉಪ್ಪುನೀರನ್ನು ಹೇಗೆ ನಿಭಾಯಿಸುತ್ತಾರೆ ಎಂದು ಯಾರೂ ವಿವರಿಸಬೇಕಿಲ್ಲ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಗುವ ಎಷ್ಟೋ ಮೊದಲೇ ಅದರ ಬೆಲೆ ಅವರಿಗೆ ಗೊತ್ತಿತ್ತು. ಗೋವಾದ ಇಂಥವೇ ಆದ ಖಾಜನ್ ಗದ್ದೆಗಳ ಪಕ್ಕದಲ್ಲಿ ಬೆಳೆದವರೂ ಹಾಗೆಯೇ. ಇಂಥವರು ಹಿನ್ನೆಲೆ ಪುಟವನ್ನು ತಮ್ಮ ಅನುಭವದೊಂದಿಗೆ ತಾಳೆ ನೋಡಿ, ಒಂದು ತಪ್ಪು ಕಂಡರೆ ಉಳಿದದ್ದನ್ನೂ ನಂಬುವುದಿಲ್ಲ. ಮುಂಬಯಿಯ ಕೋಳಿ ಸಮುದಾಯದ ಮೀನುಗಾರರ ವಿಷಯದಲ್ಲಂತೂ ಖಾಡಿಯ ಬಗ್ಗೆ ಅವರಿಗೆ ಪಾಠ ಹೇಳುವುದೇ ವಿಚಿತ್ರ.

ನಾರ್ವೆಯ ಕರಾವಳಿಯ ತಣ್ಣೀರಿನ ಹವಳಗಳ ಕುರಿತು ಲಾರಿವಿಯರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರಿಸುವವರಿಗೆ ಮೊದಲು ಒಂದು ಸಣ್ಣ ಪರೀಕ್ಷೆ ಕೊಟ್ಟು, ಅವರಲ್ಲಿ ಕೆಲವರಿಗೆ ಮಾತ್ರ ಅವರ ಅಂಕವನ್ನು ತಿಳಿಸಲಾಯಿತು. ಚೆನ್ನಾಗಿ ಉತ್ತರಿಸಿ, ತಮ್ಮ ಅಂಕವನ್ನೂ ತಿಳಿದವರು ಹೆಚ್ಚಿನ ಮೊತ್ತ ಹೇಳಿದರು. ಅವರಿಗೆ ಹವಳದ ಬಗ್ಗೆ ಹೊಸದಾಗಿ ಏನನ್ನೂ ಹೇಳಿರಲಿಲ್ಲ. ‘ನಿಮಗೆ ಗೊತ್ತಿದೆ’ ಎಂದಷ್ಟೇ ಹೇಳಿದ್ದರು. ತಿಳಿವಳಿಕೆಯ ಜೊತೆಗೆ ತಿಳಿದಿದೆಯೆಂಬ ಧೈರ್ಯವೂ ಬೆಲೆಯನ್ನು ನಿರ್ಧರಿಸುತ್ತದೆ ಎಂಬುದು ನನಗೆ ಈ ಕ್ಷೇತ್ರದ ಅತ್ಯಂತ ಕುತೂಹಲಕರ ಫಲಿತಾಂಶಗಳಲ್ಲಿ ಒಂದಾಗಿ ಕಾಣುತ್ತದೆ.

ಹಣವನ್ನು ಯಾವ ರೂಪದಲ್ಲಿ ಕೇಳುತ್ತಾರೆ ಎಂಬುದು ಅಷ್ಟು ಮುಖ್ಯವೇ?

ಬಹಳ ಮುಖ್ಯ. ವಿದೇಶದ ಮಾದರಿಯನ್ನು ನೋಡಿ ಮುಂಬಯಿಯಲ್ಲಿ ‘ಆಸ್ತಿ ತೆರಿಗೆಯ ಜೊತೆ’ ಎಂದು ಬರೆದರೆ, ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ 500 ಚದರ ಅಡಿವರೆಗಿನ ಮನೆಗಳಿಗೆ 2022ರಿಂದ ಆಸ್ತಿ ತೆರಿಗೆ ಮನ್ನಾ ಆಗಿರುವುದರಿಂದ, ಅಂಥ ಮನೆಯವರು ತಮಗೆ ಹೊರೆಯೇ ಬೀಳದ ಯೋಜನೆಗೆ ‘ಹೌದು’ ಎನ್ನುತ್ತಾರೆ. ‘ದಾನ’ ಎಂದರೆ ಕೊಡುವವರು ಯಾರು, ಕೊಡದವರು ಯಾರು ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಬಾಡಿಗೆದಾರರಿಗೆ ಸೊಸೈಟಿ ಮೇಂಟೆನೆನ್ಸ್ ಎಂದರೆ ಅದು ಮಾಲೀಕನ ತಲೆನೋವು. ಹೋಟೆಲಿನ ಮೇಲಿನ ಕೋಣೆಯಲ್ಲಿ ಹತ್ತು ಜನರೊಂದಿಗೆ ಇರುವ ಹುಡುಗನ ಹೆಸರಿನಲ್ಲಿ ಯಾವ ಬಿಲ್ಲೂ ಇಲ್ಲ, ಆದರೆ ಭಾನುವಾರ ಸಂಜೆ ಖಾಡಿಯ ದಂಡೆಗೆ ಹೋಗಿ ಕೂರುವವನು ಅವನೇ. ಅವನ ಐವತ್ತು ರೂಪಾಯಿಯನ್ನೂ ಫ್ಲ್ಯಾಟಿನ ಒಡೆಯನ ಐನೂರನ್ನೂ ಕೂಡಿಸಿ ಸರಾಸರಿ ತೆಗೆಯುವಾಗ ಆದಾಯದ ಅಂತರವೇ ಮೌಲ್ಯದ ಅಂತರದಂತೆ ತೋರುತ್ತದೆ. ಇದಕ್ಕೆ ಹಿನ್ನೆಲೆ ಮಾಹಿತಿ ಪರಿಹಾರವಲ್ಲ.

‘ಒಂದು ರೂಪಾಯಿಯನ್ನೂ ಕೊಡುವುದಿಲ್ಲ’ ಎಂದವರಿಗೆ ಜೌಗು ಪ್ರದೇಶ ಬೇಡವೆಂದು ಅರ್ಥವೇ?

ಅಲ್ಲ. 2018ರಲ್ಲಿ ಬಾಂಬೆ ಹೈಕೋರ್ಟ್, ಕಾಂಡ್ಲಾವನದ ನಾಶವು ಸಂವಿಧಾನದ 21ನೇ ವಿಧಿಯಡಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ತೀರ್ಪು ನೀಡಿತು. ಇದನ್ನು ತಿಳಿದವರೊಬ್ಬರು ‘ಕಾನೂನು ಕಾಪಾಡಬೇಕಾದ್ದಕ್ಕೆ ನಾನೇಕೆ ಹಣ ಕೊಡಲಿ, ಹಾಳು ಮಾಡಿದವರಿಂದ ವಸೂಲು ಮಾಡಿ’ ಎಂದರೆ ಅದು ಪ್ರತಿಭಟನೆಯ ಸೊನ್ನೆ. ಆದ್ದರಿಂದ ಸೊನ್ನೆ ಹೇಳಿದವರನ್ನು ಕಾರಣ ಕೇಳಲೇಬೇಕು. ಇನ್ನೊಂದು ಕಾನೂನಿನ ವಿವರವೂ ಉತ್ತರವನ್ನು ತಲೆಕೆಳಗು ಮಾಡಬಲ್ಲದು: 2017ರ ಜೌಗು ಪ್ರದೇಶ ನಿಯಮಗಳ ವ್ಯಾಖ್ಯೆಯಲ್ಲಿ ಉಪ್ಪು ತಯಾರಿಕೆಗೆಂದು ನಿರ್ಮಿಸಿದ ಜಲತಾಣಗಳು ಸೇರುವುದಿಲ್ಲ. ಮುಂಬಯಿಯ ಪೂರ್ವ ಅಂಚಿನ ಉಪ್ಪಿನ ಆಗರಗಳಿಗೆ ಈಗಾಗಲೇ ರಕ್ಷಣೆಯಿದೆ ಎಂದು ನಂಬಿ ಸೊನ್ನೆ ಹೇಳಿದವರು ಇದನ್ನು ಓದಿದ ಮೇಲೆ ಅದೇ ಉತ್ತರದಲ್ಲಿ ಉಳಿಯುವ ಸಂಭವ ಕಡಿಮೆ.

ಹಾಗಾದರೆ ಎಲ್ಲವನ್ನೂ ಹೇಳಿಬಿಡಬಹುದಲ್ಲ?

ಹತ್ತು ಪುಟ ಓದುವ ತಾಳ್ಮೆ ವಿರಾರ್ ಲೋಕಲ್ ಹಿಡಿಯಬೇಕಾದವರಿಗೆ ಇರುವುದಿಲ್ಲ. ನಿರ್ಧಾರವನ್ನು ಬದಲಿಸಬಲ್ಲ ಸಂಗತಿ ಒಳಗಿರಲಿ, ಬರಿಯ ಪಾಂಡಿತ್ಯ ಹೊರಗಿರಲಿ. ಮುಖ್ಯ ಸಮೀಕ್ಷೆಗೆ ಮೊದಲು ಸಣ್ಣ ಗುಂಪುಗಳಲ್ಲಿ ಕುಳಿತು, ಯಾವ ವಾಕ್ಯದ ಬಳಿ ಜನ ಹುಬ್ಬು ಗಂಟಿಕ್ಕುತ್ತಾರೆ ಎಂದು ನೋಡಿಕೊಳ್ಳುವುದು ಇದಕ್ಕಾಗಿಯೇ.

ಪತ್ರಿಕೆಯಲ್ಲಿ ‘ಮುಂಬಯಿಗರು ಖಾಡಿಗಾಗಿ ಇಷ್ಟು ಕೋಟಿ ಕೊಡಲು ಸಿದ್ಧ’ ಎಂದು ಓದಿದರೆ ಏನು ಮಾಡಬೇಕು?

ಆ ಪ್ರಶ್ನಾವಳಿಯ ಹಿನ್ನೆಲೆ ಪುಟವನ್ನು ಹುಡುಕಿ ಓದಿ. ಸಿಗದಿದ್ದರೆ ಆ ಮೊತ್ತವನ್ನು ಸೊಸೈಟಿಯ ಸಭೆಯಲ್ಲಾಗಲಿ, ಪಾಲಿಕೆಗೆ ಬರೆಯುವ ಪತ್ರದಲ್ಲಾಗಲಿ ಬಳಸಬೇಡಿ. ಎದುರು ಪಕ್ಷದ ವಕೀಲರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ಸಿಕ್ಕರೆ, ಯೋಜನೆ ಇಲ್ಲದಿದ್ದರೆ ಏನಾಗುತ್ತದೆಂದು ಅದರಲ್ಲಿ ಹೇಳಿದೆಯೇ, ಅನಿಶ್ಚಿತತೆಯನ್ನು ಒಪ್ಪಿಕೊಂಡಿದೆಯೇ, ಸೊನ್ನೆಗಳನ್ನು ಹೇಗೆ ಎಣಿಸಿದ್ದಾರೆ, ಬೇರೆ ಪುಟ ಓದಿದ ಇನ್ನೊಂದು ಗುಂಪು ಇತ್ತೇ ಎಂದು ನೋಡಿ. ಇನ್ನೊಂದು ಗುಂಪು ಇದ್ದು, ಎರಡೂ ಗುಂಪುಗಳ ಮೊತ್ತವನ್ನು ಪಕ್ಕಪಕ್ಕದಲ್ಲಿ ಅಚ್ಚು ಮಾಡಿದ್ದರೆ, ಅಂತರ ದೊಡ್ಡದಾಗಿದ್ದರೂ ಆ ವರದಿಯನ್ನು ನಾನು ಒಂದೇ ಅಂಕಿ ಕೊಡುವ ವರದಿಗಿಂತ ಹೆಚ್ಚು ನಂಬುತ್ತೇನೆ.

ನನ್ನ ಮನೆಯ ಬಾಗಿಲಿಗೇ ಸಮೀಕ್ಷೆಯವರು ಬಂದರೆ?

ಪುಟದಲ್ಲಿ ಇಲ್ಲದ್ದನ್ನು ಕೇಳಿ: ಕಾಲುವೆಯ ಹೂಳನ್ನು ಐದು ವರ್ಷದ ನಂತರ ಯಾರು ತೆಗೆಯುತ್ತಾರೆ, ತೆಗೆದ ಹೂಳನ್ನು ಎಲ್ಲಿ ಸುರಿಯುತ್ತಾರೆ, ಮೀನು ಹಿಡಿಯುವವರಿಗೆ ದಾರಿ ಇರುತ್ತದೆಯೇ. ಸಂದರ್ಶಕರು ತಮಗೆ ಗೊತ್ತಿಲ್ಲ ಎಂದರೆ ಅದನ್ನು ಪ್ರಶ್ನಾವಳಿಯ ಕೊನೆಯ ‘ಇತರ ಅಭಿಪ್ರಾಯ’ ಎಂಬ ಖಾಲಿ ಜಾಗದಲ್ಲಿ ಬರೆಸಿ, ಆಮೇಲೆ ನಿಮ್ಮ ಮೊತ್ತ ಹೇಳಿ.